ಅರಿಯದವನ ಹೊಣೆ

ಮನುಷ್ಯನು ತಿಳಿದು ಮಾಡಿದ ತಪ್ಪಿಗೆ ತಾನೇ ಹೊಣೆಗಾರನೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ತಿಳಿಯದೆ ಆದ ತಪ್ಪಿಗೆ ಅವನು ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ ನೀತಿಚಿಂತಕರನ್ನು ಹಿಂದಿನಿಂದಲೂ ಕಾಡುತ್ತ ಬಂದಿದೆ. ಈ ಪ್ರಶ್ನೆಯನ್ನು ನಾನು ಗ್ರಂಥಗಳಲ್ಲಿ ಓದಿದ್ದೆ, ತರಗತಿಯಲ್ಲಿ ಮಕ್ಕಳಿಗೆ ವಿವರಿಸಿಯೂ ಇದ್ದೆ. ಅದು ಒಂದು ಪ್ರಾಣದ ಪ್ರಶ್ನೆಯಾಗಿ ನನ್ನೆದುರು ಬಂದು ನಿಂತದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ನಮ್ಮ ಶಿರಾಲಿಯಲ್ಲಿ.

ನೆರೆಮನೆಯ ಹಿರಿಯರೊಬ್ಬರಿಗೆ ರಾತ್ರಿ ಊಟವಾದ ಮೇಲೆ ಮೇಲ್ಹೊಟ್ಟೆಯಲ್ಲಿ ತಡೆಯಲಾಗದ ನೋವು ಕಾಣಿಸಿಕೊಂಡಿತು. ನೋವು ಬೆನ್ನಿನವರೆಗೆ ಹಬ್ಬಿತ್ತು, ವಾಂತಿ ನಿಲ್ಲಲಿಲ್ಲ. ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿಗೆ ತೀವ್ರವಾದ ಉರಿಯೂತವಾಗಿದೆಯೆಂದು ಅಲ್ಲಿಯ ವೈದ್ಯರು ಸರಿಯಾಗಿಯೇ ಗುರುತಿಸಿದರು. ಅವರು ಸಜ್ಜನರು, ದುಡಿಮೆಗಾರರು. ಎರಡು ರಾತ್ರಿ ಮನೆಗೇ ಹೋಗದೆ ರೋಗಿಯ ಬಳಿ ಉಳಿದರು. ಬಾಟಲಿಯ ಮೇಲೆ ಬಾಟಲಿ ಸಲೈನ್ ಏರಿಸಿದರು. ಎರಡನೆಯ ದಿನ ರೋಗಿಯ ಹೊಟ್ಟೆ ಉಬ್ಬಿ ಬಿಗಿಯಾಯಿತು, ಮೂತ್ರ ಕಡಿಮೆಯಾಯಿತು. ದೇಹಕ್ಕೆ ನೀರು ಸಾಲದೆಂದು ಬಗೆದು ವೈದ್ಯರು ಇನ್ನಷ್ಟು ಸಲೈನ್ ಕೊಟ್ಟರು. ಮೂರನೆಯ ಸಂಜೆ ಮೇಲುಸಿರು ಬಂದಾಗ ಆಂಬುಲೆನ್ಸಿನಲ್ಲಿ ದಕ್ಷಿಣಕ್ಕೆ ಹೊರಟೆವು. ಸುಮಾರು 100 ಕಿಲೋಮೀಟರ್ ದಾರಿ, ಎಡೆಬಿಡದ ಮಳೆ.

ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ತರುಣ ವೈದ್ಯೆಯೊಬ್ಬರು ನಾವು ತಂದ ಕಾಗದಗಳನ್ನೆಲ್ಲ ತಿರುವಿ ನೋಡಿ, ತಲೆಯೆತ್ತಿ ಕೇಳಿದರು: “ಹೊಟ್ಟೆಯ ಒಳಗಿನ ಪ್ರೆಶರ್ ಯಾರಾದರೂ ನೋಡಿದ್ದರಾ?” ರಕ್ತದ ಒತ್ತಡವನ್ನು ಬಲ್ಲೆ, ಹೊಟ್ಟೆಗೂ ಒಂದು ಒತ್ತಡವಿದೆಯೆಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಬೆಳಗಾಗುವ ಮೊದಲೇ ಹಿರಿಯರು ತೀರಿಕೊಂಡರು.

ಉತ್ತರಕ್ರಿಯೆ ಮುಗಿದ ಮೇಲೆ ಈ ಮಾತು ಹೇಗೋ ಆ ಮನೆಯಲ್ಲಿ ಬಂತು. ಮಕ್ಕಳು ಸಿಟ್ಟಾದರು. ಆಗ ಅವರ ತಾಯಿ ಮೆಲ್ಲಗೆ ಹೇಳಿದರು: “ಡಾಕ್ಟರ್ರು ಎರಡು ರಾತ್ರಿ ಹತ್ತಿರವೇ ಇದ್ದರಲ್ಲ ಮಾಸ್ತರೇ. ಅವರಿಗೆ ಗೊತ್ತೇ ಇರಲಿಲ್ಲ ಅಂದ ಮೇಲೆ ಅವರದ್ದೆಂತ ತಪ್ಪು?” ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ವಿಷಯವನ್ನು ತಿಳಿಯೋಣ. ಉದರವು ಒಂದು ಮುಚ್ಚಿದ ಕೋಣೆ. ಮೇಲೆ ವಪೆ, ಹಿಂದೆ ಬೆನ್ನೆಲುಬು, ಕೆಳಗೆ ಕಟಿಯ ಎಲುಬು, ಮುಂದೆ ಸ್ನಾಯುಗಳ ಗೋಡೆ. ನಮ್ಮ ಕರಾವಳಿಯ ಅಕ್ಕಿಮುಡಿಯನ್ನು ನೆನೆದರೆ ಸಾಕು. ಮುಡಿ ಸಡಿಲವಿರುವಾಗ ಇನ್ನೆರಡು ಸೇರು ಅಕ್ಕಿ ಸುಲಭವಾಗಿ ಹಿಡಿಯುತ್ತದೆ; ಹಗ್ಗ ಬಿಗಿದ ಮೇಲೆ ಒಂದು ಹಿಡಿಯೂ ಹಿಡಿಯದು. ಉದರವೂ ಹಾಗೆಯೇ. ಆರಂಭದಲ್ಲಿ ಹಿಗ್ಗಿ ಜಾಗ ಕೊಡುತ್ತದೆ. ಹಿಗ್ಗುವ ಶಕ್ತಿ ತೀರಿದ ಮೇಲೆ ಸ್ವಲ್ಪವೇ ದ್ರವ ಸೇರಿದರೂ ಒಳಗಿನ ಒತ್ತಡ ಸರ್ರನೆ ಏರುತ್ತದೆ. ಆಗ ವಪೆ ಮೇಲಕ್ಕೆ ಒತ್ತಲ್ಪಟ್ಟು ಶ್ವಾಸಕೋಶಕ್ಕೆ ಅರಳಲು ಎಡೆಯಿಲ್ಲವಾಗುತ್ತದೆ. ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ಮಹಾಸಿರೆ ಅಪ್ಪಚ್ಚಿಯಾಗಿ ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾಗುತ್ತದೆ. ಮೂತ್ರಪಿಂಡಗಳಿಗೆ ರಕ್ತ ಸಾಲದೆ ಮೂತ್ರ ನಿಲ್ಲುತ್ತದೆ. ಕರುಳಿನ ಗೋಡೆ ಊದಿಕೊಳ್ಳುತ್ತದೆ; ಆ ಊತವೇ ಒತ್ತಡವನ್ನು ಮತ್ತೂ ಹೆಚ್ಚಿಸುತ್ತದೆ. ಮೂತ್ರ ನಿಂತಿತೆಂದು ಇನ್ನಷ್ಟು ಸಲೈನ್ ಕೊಟ್ಟರೆ ಅದು ರಕ್ತನಾಳಗಳಿಂದ ಸೋರಿ ಅದೇ ಕರುಳನ್ನು, ಅದೇ ಉದರವನ್ನು ತುಂಬುತ್ತದೆ. ಹೀಗೆ ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕಿತ್ಸೆಯೇ ರೋಗದ ಪಕ್ಷಕ್ಕೆ ಸೇರಿಕೊಳ್ಳುತ್ತದೆ.

ತೀವ್ರ ಅಸ್ವಸ್ಥರಾದ ವಯಸ್ಕರಲ್ಲಿ ಸಾಮಾನ್ಯವಾಗಿ ಈ ಒತ್ತಡ ಪಾದರಸದ 5ರಿಂದ 7 ಮಿಲಿಮೀಟರ್. ಅದು 12ನ್ನು ಮುಟ್ಟಿ ಅಲ್ಲಿಯೇ ನಿಂತರೆ ಉದರದ ಅಧಿಕ ಒತ್ತಡವೆಂದೂ, 20ನ್ನು ಮೀರಿ ನಿಂತು ಯಾವುದಾದರೊಂದು ಅಂಗ ಹೊಸದಾಗಿ ಸೋಲತೊಡಗಿದರೆ ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದೂ ವೈದ್ಯಲೋಕ ಕರೆಯುತ್ತದೆ. ಇದಕ್ಕಾಗಿಯೇ ಒಂದು ಅಂತಾರಾಷ್ಟ್ರೀಯ ಸಂಘ 2004ರಲ್ಲಿ ಸ್ಥಾಪಿತವಾಗಿ, 2006ರಲ್ಲಿ ಈ ವ್ಯಾಖ್ಯೆಗಳನ್ನು ಪ್ರಕಟಿಸಿ, 2013ರಲ್ಲಿ ಪರಿಷ್ಕರಿಸಿತು. ಮೇದೋಜೀರಕದ ತೀವ್ರ ಉರಿಯೂತ, ಅಡಿಕೆ ಮರದಿಂದ ಬಿದ್ದಾಗ ಅಥವಾ ವಾಹನ ಅಪಘಾತದಲ್ಲಿ ಹೊಟ್ಟೆಯೊಳಗಾಗುವ ರಕ್ತಸ್ರಾವ, ದೊಡ್ಡ ಸುಟ್ಟಗಾಯ, ಕರುಳಿನ ತಡೆ, ರಕ್ತನಾಳಗಳಿಂದ ದ್ರವ ಸೋರುವ ತೀವ್ರ ಡೆಂಗ್ಯೂ ಇವೆಲ್ಲ ಇದರ ಕಾರಣಗಳಾಗಬಲ್ಲವು. ನಮ್ಮ ಸೀಮೆಗೆ ಇವುಗಳಲ್ಲಿ ಯಾವುದೂ ಅಪರೂಪವಲ್ಲ.

ಇದು ಹೊಸ ಜ್ಞಾನವೂ ಅಲ್ಲ. ಉದರದ ಒತ್ತಡ ಏರಿದರೆ ಮೂತ್ರ ಇಳಿಯುತ್ತದೆಂಬುದನ್ನು ಜರ್ಮನಿಯ ವೆಂಟ್ 1876ರಲ್ಲಿಯೇ ಹೇಳಿದ್ದ. ಅಮೆರಿಕದ ಹೇವನ್ ಎಮರ್ಸನ್ 1911ರಲ್ಲಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ಒತ್ತಡ ಹೃದಯವನ್ನು ಸೋಲಿಸುತ್ತದೆಂದು ತೋರಿಸಿದ. ನಮ್ಮಲ್ಲಿಯ ಸುಶ್ರುತನು ಜಲೋದರದ ನೀರನ್ನು ನಾಳದಿಂದ ಹೊರತೆಗೆಯುವ ವಿಧಾನವನ್ನು ವಿವರಿಸುವಾಗ, ಎಲ್ಲವನ್ನೂ ಒಂದೇ ದಿನ ತೆಗೆಯಬಾರದೆಂದೂ ತೆಗೆದ ಮೇಲೆ ಹೊಟ್ಟೆಯನ್ನು ಬಿಗಿಯಾಗಿ ಕಟ್ಟಬೇಕೆಂದೂ ಎಚ್ಚರಿಸಿದ್ದಾನೆ. ತುಂಬಿದ ಉದರವನ್ನು ಬರಿದುಮಾಡುವುದರಲ್ಲಿಯೂ ಅಪಾಯವಿದೆಯೆಂಬ ಅನುಭವ ಅಷ್ಟು ಹಳೆಯದು. ಆದರೂ ಎಮರ್ಸನ್ನನ ತರುವಾಯ ಅನೇಕ ದಶಕಗಳ ಕಾಲ ವೈದ್ಯಲೋಕ ಈ ವಿಷಯವನ್ನು ಬಹುಮಟ್ಟಿಗೆ ಮರೆತಿತು. 1984ರಲ್ಲಿ ಅಮೆರಿಕದ ಕ್ರಾನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ತರುವಾಯ ಮೂತ್ರ ನಿಂತು, ಉದರದ ಒತ್ತಡ 25ನ್ನು ಮೀರಿದ್ದ 11 ರೋಗಿಗಳ ವಿವರ ಪ್ರಕಟಿಸಿದರು. ಹೊಟ್ಟೆಯನ್ನು ಮತ್ತೆ ತೆರೆದು ಒತ್ತಡ ಇಳಿಸಿದ 7 ಮಂದಿಗೆ ಕೂಡಲೇ ಮೂತ್ರ ಬಂತು. ತೆರೆಯದೆ ಉಳಿದ 4 ಮಂದಿ ಮೂತ್ರಪಿಂಡ ಸೋತು ತೀರಿಕೊಂಡರು.

ಅಳೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ತೀವ್ರ ಅಸ್ವಸ್ಥನಾದ ರೋಗಿಗೆ ಹೇಗೂ ಮೂತ್ರದ ಕ್ಯಾತಿಟರ್ ಹಾಕಿರುತ್ತಾರೆ. ರೋಗಿಯನ್ನು ಅಂಗಾತ ಮಲಗಿಸಿ, 25 ಮಿಲಿಲೀಟರಿಗೆ ಮೀರದಂತೆ ಶುದ್ಧ ಸಲೈನನ್ನು ಅದರ ಮೂಲಕ ಮೂತ್ರಕೋಶಕ್ಕೆ ಬಿಟ್ಟು, ನಳಿಕೆಯನ್ನು ನೆಟ್ಟಗೆ ಎತ್ತಿಹಿಡಿದು, ಉಸಿರು ಬಿಟ್ಟ ಕೊನೆಯ ಕ್ಷಣದಲ್ಲಿ ನೀರು ಎಲ್ಲಿಯವರೆಗೆ ನಿಂತಿದೆಯೆಂದು ನೋಡಬೇಕು. ಪಕ್ಕೆಯ ನಡುಗೆರೆ ಸೊಂಟದ ಎಲುಬಿನ ಏಣನ್ನು ಸಂಧಿಸುವ ಮಟ್ಟವೇ ಸೊನ್ನೆ. ಅಲ್ಲಿಂದ ನೀರು 16 ಸೆಂಟಿಮೀಟರ್ ಏರಿದ್ದರೆ ಒತ್ತಡ ಸುಮಾರು 12. 27 ಸೆಂಟಿಮೀಟರ್ ಏರಿದ್ದರೆ 20. ಶಾಲೆಯ ಮಕ್ಕಳ ಅಡಿಕೋಲು ಸಾಕು. ಐದು ನಿಮಿಷದ ಕೆಲಸ.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಲ್ಯಾಪರೋಸ್ಕೋಪಿ ಎಂಬ ಕಿಂಡಿ ಶಸ್ತ್ರಚಿಕಿತ್ಸೆ ಈಗ ಸಣ್ಣ ಪಟ್ಟಣಗಳಲ್ಲಿಯೂ ನಡೆಯುತ್ತದೆ. ಅದರಲ್ಲಿ ವೈದ್ಯರು ರೋಗಿಯ ಉದರಕ್ಕೆ ತಾವೇ ಅನಿಲ ತುಂಬುತ್ತಾರೆ. ಆ ಒತ್ತಡ ಸಾಮಾನ್ಯವಾಗಿ 12ರಿಂದ 15ನ್ನು ಮೀರದಂತೆ ಯಂತ್ರ ಕಾಯುತ್ತದೆ, ಮೀರಿದರೆ ಕೂಗಿಕೊಳ್ಳುತ್ತದೆ. ಬಹುಪಾಲು ಗಟ್ಟಿಮುಟ್ಟಾದ ದೇಹದಲ್ಲಿ, ಒಂದೆರಡು ಗಂಟೆಯ ಮಟ್ಟಿಗೆ, ಅರಿವಳಿಕೆ ತಜ್ಞರು ಪಕ್ಕದಲ್ಲಿಯೇ ಇರುವಾಗ ಅಷ್ಟು ಎಚ್ಚರ. ಅದೇ ಒತ್ತಡ ರೋಗದಿಂದ ತಾನಾಗಿಯೇ ಏರಿ, ಜರ್ಜರಿತವಾದ ದೇಹವನ್ನು ಹಗಲಿರುಳೂ ಹಿಂಡುತ್ತಿರುವಾಗ ಅದನ್ನು ನೋಡುವವರೇ ಇರುವುದಿಲ್ಲ. ಅಂದಮೇಲೆ ಇಲ್ಲಿರುವುದು ಬುದ್ಧಿಯ ಕೊರತೆಯಲ್ಲ, ಯಂತ್ರದ ಕೊರತೆಯೂ ಅಲ್ಲ; ಗಮನದ ಕೊರತೆ.

ಹಾಗಿದ್ದರೆ ವೈದ್ಯರು ಏಕೆ ಅಳೆಯುವುದಿಲ್ಲ? ಒಂದು ಕಾರಣ, ಕೈಯ ಮೇಲಿನ ನಂಬಿಕೆ. ಹೊಟ್ಟೆಯನ್ನು ಒತ್ತಿ ನೋಡಿದರೆ ತಿಳಿಯುತ್ತದೆಂಬುದು ಅನುಭವಿಗಳ ಭಾವನೆ. ಈ ಭಾವನೆಯನ್ನು 2000 ಮತ್ತು 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಪರೀಕ್ಷಿಸಿದವು. ಒತ್ತಡ ನಿಜವಾಗಿ ಏರಿದ್ದ ಹತ್ತು ಸಂದರ್ಭಗಳಲ್ಲಿ ಸುಮಾರು ನಾಲ್ಕನ್ನು ಅನುಭವಿಗಳ ಕೈಯೂ ಗುರುತಿಸಲಾರದೆ ಹೋಯಿತು. ಎರಡನೆಯ ಕಾರಣ, ಅರ್ಧ ತಿಳಿವಳಿಕೆ. ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿದ ಅಂತಾರಾಷ್ಟ್ರೀಯ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಈ ರೋಗಸ್ಥಿತಿಯ ಪರಿಚಯವಿದೆಯೆಂದವರು 100ಕ್ಕೆ 85 ಮಂದಿ. ಅದರ ಅಂಗೀಕೃತ ವ್ಯಾಖ್ಯೆಯನ್ನು ಬಲ್ಲವರು 28 ಮಂದಿ ಮಾತ್ರ. ಅನೇಕರು ಅಪಾಯದ ಗೆರೆಯನ್ನು ಅದು ಇರುವುದಕ್ಕಿಂತ ಮೇಲೆ ಎಳೆದುಕೊಂಡಿದ್ದರು. ಇಂಥವರು ರೋಗಿ ಗೆರೆ ದಾಟಿದ ಮೇಲೂ ಇನ್ನೂ ದಾಟಿಲ್ಲವೆಂದು ನೆಮ್ಮದಿಯಾಗಿರಬಲ್ಲರು. ಹೆಸರು ಗೊತ್ತಿರುವುದನ್ನೇ ವಿಷಯ ಗೊತ್ತಿರುವುದೆಂದು ಭಾವಿಸುವ ಈ ದೋಷ ವೈದ್ಯರಿಗೆ ಮಾತ್ರ ಮೀಸಲಾದದ್ದಲ್ಲ. ಅಧ್ಯಾಪಕನಾದ ನನ್ನಲ್ಲಿಯೂ ಇದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ‘ಗೊತ್ತಿರಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಲೋಕಕ್ಕೇ ತಿಳಿಯದಿದ್ದುದು ಒಂದು; ಅದಕ್ಕೆ ಯಾರೂ ಹೊಣೆಯಲ್ಲ. 1850ರ ವೈದ್ಯನನ್ನು ಈ ವಿಷಯದಲ್ಲಿ ದೂಷಿಸುವುದು ಅನ್ಯಾಯ. ಲೋಕಕ್ಕೆ ತಿಳಿದಿದ್ದರೂ ತನ್ನವರೆಗೆ ತಲುಪದಿದ್ದುದು ಎರಡನೆಯದು. ಅದರಲ್ಲಿ ತಲುಪಿಸಬೇಕಾದವರ ಪಾಲೂ ಇದೆ. ಬಾಗಿಲಿನವರೆಗೆ ಬಂದ ತಿಳಿವನ್ನು, ನನ್ನ ಕೈಯೇ ಸಾಕು, ಇಷ್ಟು ವರ್ಷ ಹೀಗೆಯೇ ನಡೆದಿದೆ ಎಂದು ಒಳಗೆ ಕರೆಯದಿರುವುದು ಮೂರನೆಯದು. ಮೂರಕ್ಕೂ ಹೆಸರು ಅಜ್ಞಾನವೇ ಆದರೂ ನೈತಿಕವಾಗಿ ಮೂರೂ ಒಂದಲ್ಲ.

ಇಲ್ಲಿ ನಮ್ಮ ಆಚಾರ್ಯರ ವಿವೇಚನೆ ನೆರವಿಗೆ ಬರುತ್ತದೆ. ಉಮಾಸ್ವಾಮಿಯವರು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಅದರ ಬೇರಿನಲ್ಲಿ ಪ್ರಮಾದವನ್ನಿಟ್ಟರು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿ ಅಕಸ್ಮಾತ್ತಾಗಿ ಒಂದು ಜೀವ ಸತ್ತರೂ ಅವರಿಗೆ ಹಿಂಸೆಯ ದೋಷವಿಲ್ಲ. ನೋಡದೆ ನಡೆದವನ ಕಾಲಡಿ ಯಾವ ಜೀವವೂ ಸಾಯದಿದ್ದರೂ ಅವನಿಗೆ ದೋಷವುಂಟು. ಫಲದಿಂದ ಹೊಣೆಯನ್ನು ಅಳೆಯುವ ಲೋಕರೂಢಿಗೆ ಇದು ವಿರುದ್ಧವಾಗಿ ಕಂಡರೂ, ವಿಚಾರಿಸಿದಷ್ಟೂ ನ್ಯಾಯವೆನಿಸುತ್ತದೆ. ಒತ್ತಡವನ್ನು ಅಳೆದು, ಮಾಡಬೇಕಾದುದನ್ನು ಮಾಡಿದ ಮೇಲೂ ರೋಗಿ ಉಳಿಯದಿದ್ದರೆ ವೈದ್ಯನು ನಿರ್ದೋಷಿ. ಅಳೆಯುವ ಸಾಧನವೂ ತಿಳಿವೂ ಕೈಯಲ್ಲಿದ್ದು ಅಳೆಯದೆ ಬಿಟ್ಟವನ ರೋಗಿ ಪುಣ್ಯವಶಾತ್ ಬದುಕಿದರೂ ಆ ವೈದ್ಯನು ನೆಲವನ್ನು ನೋಡದೆ ನಡೆದವನೇ. ಉಬ್ಬಿದ ಹೊಟ್ಟೆ, ಇಳಿದ ಮೂತ್ರ, ಏರಿದ ಉಸಿರು ಈ ಮೂರು ಒಟ್ಟಿಗೆ ಕಂಡಾಗ ಕ್ಯಾತಿಟರಿನ ನಳಿಕೆಯನ್ನು ಎತ್ತಿಹಿಡಿಯುವುದೇ ವೈದ್ಯನ ಪಾಲಿನ ಈರ್ಯಾಸಮಿತಿ.

ಆದರೆ ದಾರಿಯಲ್ಲಿ ಜೀವಿಗಳಿವೆಯೆಂದು ಯಾರೂ ಹೇಳಿಯೇ ಇರದಿದ್ದವನ ಗತಿಯೇನು? ನಮ್ಮ ಹಿರಿಯರನ್ನು ನೋಡಿಕೊಂಡ ವೈದ್ಯರು ಬಹುಶಃ ಈ ಗುಂಪಿನವರು. ಅವರು ಓದಿದ ಕಾಲದಲ್ಲಿ ಈ ಪಾಠ ಇತ್ತೋ ಇಲ್ಲವೋ ನಾನರಿಯೆ. ಆದರೆ ತನ್ನ ಚಿಕಿತ್ಸೆಗೆ ರೋಗಿ ಎದುರುನುಡಿದಾಗ, ಎಂದರೆ ಸಲೈನ್ ಏರಿಸಿದಷ್ಟೂ ಮೂತ್ರ ಇಳಿದಾಗ, ‘ನಾನು ಕಾಣದ್ದು ಇಲ್ಲಿ ಏನೋ ಇದೆ’ ಎಂದು ಸಂಶಯಪಡುವುದಕ್ಕೆ ಯಾವ ಪಾಠವೂ ಬೇಕಿಲ್ಲ. ಆ ಸಂಶಯ ಹುಟ್ಟಿದ್ದರೆ ಬಲ್ಲವರೊಬ್ಬರಿಗೆ ದೂರವಾಣಿ ಮಾಡಲು ಸಾಧ್ಯವಿತ್ತು. ಎಲ್ಲವನ್ನೂ ಅರಿತಿರಬೇಕೆಂದು ಯಾರನ್ನೂ ಕೇಳಲಾಗದು. ತನ್ನ ಅರಿವಿಗೆ ಎಲ್ಲೆಯಿದೆಯೆಂಬುದನ್ನು ಅರಿತಿರಬೇಕೆಂದು ಎಲ್ಲರನ್ನೂ ಕೇಳಬಹುದು.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಶಸ್ತ್ರಚಿಕಿತ್ಸಕರಿಲ್ಲದ, ತೀವ್ರ ನಿಗಾ ಘಟಕವಿಲ್ಲದ ಊರಿನಲ್ಲಿ ಅಳೆದು ಪ್ರಯೋಜನವೇನು? ಹೊಟ್ಟೆಯನ್ನು ತೆರೆಯುವವರು ಯಾರು? ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಉತ್ತರ ಕನ್ನಡದ ಜನರು ದೊಡ್ಡ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳ ದಾರಿ ಹಿಡಿಯುತ್ತ ಬಂದವರು. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡದ್ದನ್ನು, ಅದರ ಬೆನ್ನಿಗೇ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎದ್ದುದನ್ನು ನಾವು ಮರೆತಿಲ್ಲ. ಆ ದಾರಿಯ ಭಯವನ್ನು ಬಲ್ಲ ವೈದ್ಯನು ರೋಗಿಯನ್ನು ಕಳುಹಿಸಲು ಹಿಂಜರಿದರೆ ಅದು ಸಹಜವೇ.

ಆದರೂ ಅಳೆಯುವುದು ವ್ಯರ್ಥವಲ್ಲ. ಹೊಟ್ಟೆಯನ್ನು ತೆರೆಯುವುದು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಮೂಗಿನ ನಳಿಕೆಯಿಂದ ಜಠರವನ್ನು ಬರಿದುಮಾಡುವುದು, ಗುದದ ನಳಿಕೆಯಿಂದ ವಾಯುವನ್ನು ಬಿಡಿಸುವುದು, ನೋವನ್ನು ಶಮನಗೊಳಿಸಿ ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸುವುದು, ಸಲೈನನ್ನು ಲೆಕ್ಕ ಹಿಡಿದು ಕೊಡುವುದು, ಉದರದಲ್ಲಿ ನೀರು ಕೂಡಿದ್ದರೆ ಸೂಜಿಯಿಂದ ತೆಗೆಯುವುದು ಎಂಬ ಮೆಟ್ಟಿಲುಗಳಿವೆ. ಇವುಗಳಲ್ಲಿ ಹೆಚ್ಚಿನವು ಸಣ್ಣ ಆಸ್ಪತ್ರೆಯಲ್ಲಿಯೂ ಸಾಧ್ಯ. ಮೇದೋಜೀರಕದ ಉರಿಯೂತದಲ್ಲಿ ಧಾರಾಳವಾಗಿ ಸಲೈನ್ ಕೊಡುವುದನ್ನೂ ಮಿತವಾಗಿ ಕೊಡುವುದನ್ನೂ ಹೋಲಿಸಿದ ಒಂದು ಪ್ರಯೋಗ 2022ರಲ್ಲಿ ಪ್ರಕಟವಾಗಿದೆ. ಧಾರಾಳವಾಗಿ ಪಡೆದವರಲ್ಲಿ 100ಕ್ಕೆ ಸುಮಾರು 20 ಮಂದಿಗೆ ದೇಹದಲ್ಲಿ ದ್ರವ ಮಿತಿಮೀರಿತು. ಮಿತವಾಗಿ ಪಡೆದವರಲ್ಲಿ ಸುಮಾರು 6 ಮಂದಿಗೆ. ಧಾರಾಳದಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಳತೆಯು ಸಮಯವನ್ನು ಕೊಡುತ್ತದೆ. 14 ಇದ್ದದ್ದು 17 ಆಯಿತೆಂದು ಕಾಗದದಲ್ಲಿ ಕಂಡರೆ ಮೂರನೆಯ ಸಂಜೆ ಹೊರಡುವ ಆಂಬುಲೆನ್ಸ್ ಎರಡನೆಯ ಬೆಳಿಗ್ಗೆಯೇ ಹೊರಡುತ್ತದೆ. ನೂರು ಕಿಲೋಮೀಟರ್ ದೂರದಲ್ಲಿರುವವನಿಗೆ, ಪಕ್ಕದಲ್ಲಿಯೇ ಶಸ್ತ್ರಚಿಕಿತ್ಸಕನಿರುವವನಿಗಿಂತ ಈ ಮುನ್ಸೂಚನೆ ಹೆಚ್ಚು ಅವಶ್ಯ.

ಹೊಣೆಯೆಲ್ಲವನ್ನೂ ವೈದ್ಯನ ತಲೆಗೇ ಕಟ್ಟಿ ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ದ್ವಾರಗಳನ್ನು ಹೇಳಿದ್ದಾರಷ್ಟೆ. ಮಾಡಿದವನ ಜೊತೆಗೆ ಮಾಡಿಸಿದವನೂ ಮೆಚ್ಚಿದವನೂ ಪಾಲುದಾರರು. ಸುಸ್ತಾದರೆ ಸಾಕು, “ಒಂದು ಗ್ಲೂಕೋಸ್ ಹಾಕಿ ಡಾಕ್ಟರೇ” ಎಂದು ದುಂಬಾಲು ಬೀಳುವವರು ನಾವೇ. ಬಾಟಲಿ ಏರಿಸಿದವನನ್ನು ಒಳ್ಳೆಯ ವೈದ್ಯನೆಂದೂ, ಸ್ವಲ್ಪ ಕಾದು ನೋಡೋಣವೆಂದವನನ್ನು ಏನೂ ಮಾಡದವನೆಂದೂ ತೀರ್ಮಾನಿಸುವವರು ನಾವೇ. ಆ ಎರಡು ದಿನ ನಾನೂ ಆಸ್ಪತ್ರೆಯ ಜಗಲಿಯಲ್ಲಿ ನಿಂತು ಖಾಲಿಯಾದ ಬಾಟಲಿಗಳನ್ನು ಎಣಿಸಿ, ಚಿಕಿತ್ಸೆ ಚೆನ್ನಾಗಿ ನಡೆದಿದೆಯೆಂದು ಮನೆಯವರಿಗೆ ಧೈರ್ಯ ಹೇಳಿದ್ದೆ. ಅದು ಅನುಮೋದನೆಯಲ್ಲದೆ ಮತ್ತೇನು? ರೋಗಿ ಸತ್ತಾಗ ಆಸ್ಪತ್ರೆಯ ಗಾಜು ಒಡೆಯುವವರೂ ನಮ್ಮ ನಡುವೆಯೇ ಇದ್ದಾರೆ. ಅಂಥ ಸಮಾಜದಲ್ಲಿ ವೈದ್ಯನಿಗೆ ಅಳತೆಯೇ ಭಯವಾಗಬಹುದು. ಬರೆದಿಟ್ಟ ಅಂಕಿ ನಾಳೆ ತನ್ನ ಮೇಲೆಯೇ ಸಾಕ್ಷಿ ನುಡಿದೀತೆಂದು ಅವನು ಅಂಜಬಹುದು. ತಿಳಿಯಲು ಅಂಜುವ ಸ್ಥಿತಿಯನ್ನು ನಿರ್ಮಿಸಿದವರೂ ಅಜ್ಞಾನಕ್ಕೆ ಹೊಣೆಗಾರರೇ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ವೈದ್ಯಶಾಸ್ತ್ರದ ತಿಳಿವನ್ನು ಹಂಚುವುದು ಶಾಸ್ತ್ರದಾನವೂ ಹೌದು, ಔಷಧದಾನವೂ ಹೌದು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿ ರಚಿಸಿದರು. 12ನೆಯ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, 14ನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕೆ ಸಂಬಂಧಿಸಿದ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿಯೇ ಬರೆದರು. ಹಸು ಕಾಯುವವನಿಗೂ ಹಾವು ಕಚ್ಚಿಸಿಕೊಂಡವನ ಬಳಿಯಿರುವವನಿಗೂ ವಿದ್ಯೆ ಅವನ ಭಾಷೆಯಲ್ಲಿ ದೊರೆಯಬೇಕೆಂಬ ಕಾಳಜಿ ಆ ಕಾರ್ಯದಲ್ಲಿ ಕಾಣುತ್ತದೆ. ವಿದ್ಯೆ ಇದ್ದ ಮಾತ್ರಕ್ಕೆ ಪ್ರಾಣ ಉಳಿಯದು. ಅದು ರೋಗಿಯ ಹಾಸಿಗೆಯವರೆಗೆ ನಡೆದುಬರಬೇಕು. 1876ರಲ್ಲಿ ಹೊರಟ ತಿಳಿವು ಇನ್ನೂ ಕೆಲವು ಹಾಸಿಗೆಗಳನ್ನು ತಲುಪಿಲ್ಲವೆಂದರೆ ನಡುದಾರಿಯಲ್ಲಿ ನಿಂತಿರುವ ನಾವೆಲ್ಲರೂ ನಮ್ಮ ಪಾಲಿನ ಲೆಕ್ಕ ಕೊಡಬೇಕು. ಬಲ್ಲ ಹಿರಿಯ ವೈದ್ಯರು ವರ್ಷಕ್ಕೊಮ್ಮೆ ತಾಲೂಕು ಆಸ್ಪತ್ರೆಗಳಿಗೆ ಬಂದು ದಾದಿಯರಿಗೂ ಕಿರಿಯ ವೈದ್ಯರಿಗೂ ಈ ಐದು ನಿಮಿಷದ ಅಳತೆಯನ್ನು ಕಲಿಸಿಕೊಟ್ಟರೆ ಅದಕ್ಕಿಂತ ಕಡಿಮೆ ಖರ್ಚಿನ ದಾನ ಮತ್ತೊಂದಿರಲಾರದು.

ಆ ತಾಯಿ ಮತ್ತೊಮ್ಮೆ ಕೇಳಿದರೆ ನಾನು ಹೀಗೆ ಹೇಳಬಯಸುತ್ತೇನೆ: ಅಮ್ಮಾ, ಆ ವೈದ್ಯರು ಕೊಲೆಗಾರರಲ್ಲ, ನಿಮ್ಮ ಕ್ಷಮೆ ದೊಡ್ಡದು, ಅದು ನ್ಯಾಯವಾದದ್ದೂ ಹೌದು. ಆದರೆ ‘ಗೊತ್ತಿರಲಿಲ್ಲ’ ಎಂಬುದು ಕ್ಷಮಿಸಲು ಸಾಕಾದ ಕಾರಣ, ಅಲ್ಲಿಯೇ ನಿಂತುಬಿಡಲು ಸಾಲದ ಕಾರಣ. ನಿನ್ನೆಯವರೆಗೆ ಅರಿಯದಿದ್ದವನ ಹೊಣೆ, ಅರಿತ ದಿನದಿಂದ ಆರಂಭವಾಗುತ್ತದೆ.

ನಿಮ್ಮ ಯಜಮಾನರನ್ನು ಕೊಂದದ್ದು ಆ ಒತ್ತಡವೇ ಎಂದು ನಾನು ಹೇಳಲಾರೆ. ಅದಲ್ಲವೆಂದೂ ಹೇಳಲಾರೆ. ಯಾರೂ ಅಳೆದಿರಲಿಲ್ಲ.